ಮಾವಿನ ಸಸಿಗೆ ಆಯೇರಿ ಸೀರೆಯ ಬೇಲಿ

ಮಾನ ಮುಚ್ಚಿಕೊಳ್ಳಲೆಂದೇ ಮನುಷ್ಯ ಬಟ್ಟೆ ನೇಯ್ದ ಎನ್ನುತ್ತಾರೆ. ಇದ್ದೀತು. ನನ್ನ ಮಾನ ಹೋದದ್ದು ಮಾತ್ರ ಬಟ್ಟೆಯಿಂದಲೇ, ಅದೂ ಹೆಂಗಸರ ಬಟ್ಟೆಯಿಂದ. ಹೀಗೆಂದ ಕೂಡಲೇ ತಮ್ಮ ಕಿವಿ ನೆಟ್ಟಗಾಗಿದ್ದರೆ ದಯವಿಟ್ಟು ಇಳಿಸಿಕೊಳ್ಳಿ, ಅಂಥದ್ದೇನೂ ಅಲ್ಲ. ನನಗೆ ಐವತ್ತಾರು ವಯಸ್ಸು, ಎರಡೂ ಮೊಣಕಾಲು ನೋವು, ರಾತ್ರಿ ಒಂಬತ್ತಕ್ಕೆ ನಿದ್ದೆ. ನಾನು ಹೇಳಹೊರಟಿರುವುದು ಅರವತ್ತು ಮಾವಿನ ಸಸಿ, ಏಳು ಆಡು ಮತ್ತು ಒಂದು ಬೇಲಿಯ ವಿಷಯ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ಕೇಳಿದರೆ, ಆಡುಗಳಿಗೆ ಏನೂ ಇಲ್ಲ, ಸಸಿಗಳಿಗೂ ಇಲ್ಲ. ಇರುವುದೆಲ್ಲ ನನ್ನ ಪಾಲಿಗೆ ಬಂದಿದೆ.

ನಾನು ಹಾವೇರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮನೆ ರಾಣೆಬೆನ್ನೂರಿನಲ್ಲಿ. ಮೇಡ್ಲೇರಿ ರಸ್ತೆಯಲ್ಲಿ ಅಪ್ಪನಿಂದ ಬಂದ ಎರಡು ಎಕರೆ ಹೊಲ ಇದೆ. ಬಹಳ ವರ್ಷ ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೆ, ಗೋವಿನಜೋಳ ಬೆಳೆಯುತ್ತಿದ್ದರು. ನಿವೃತ್ತಿ ಹತ್ತಿರ ಬಂದಂತೆ ಗಂಡಸರಿಗೆ ಒಂದೊಂದು ಹುಚ್ಚು ಹತ್ತುತ್ತದೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಯೋಗ ಹತ್ತಿತು, ಇನ್ನೊಬ್ಬರಿಗೆ ವಾಟ್ಸಾಪಿನಲ್ಲಿ ಆರೋಗ್ಯ ಸಲಹೆ ಹತ್ತಿತು, ನನಗೆ ಮಾವು ಹತ್ತಿತು. ಅರವತ್ತು ಕಸಿ ಮಾವಿನ ಸಸಿ ತಂದು ನೆಟ್ಟೆ. ವಾರದಲ್ಲಿ ಆರು ದಿನ ಫೈಲು, ಏಳನೆಯ ದಿನ ತೋಟ. ಹೊಲಕ್ಕೆ ಹೋಗುವಾಗ ಹೊಸ ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು, "ರವಿವಾರದ ರೈತರು ಹೊಂಟ್ರು ನೋಡ್ರಿ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಮೊದಲ ತಿಂಗಳು ಸಸಿಗಳು ಚಿಗುರಿದವು. ತಾಮ್ರದ ಬಣ್ಣದ ಎಳೆ ಎಲೆ, ಮುಟ್ಟಿದರೆ ಬೆಣ್ಣೆ. ಮುಂದಿನ ರವಿವಾರ ಹೋಗಿ ನೋಡುತ್ತೇನೆ, ಹದಿನಾಲ್ಕು ಸಸಿ ಬರೀ ಕಡ್ಡಿ! ಚಿಗುರಿನ ಬೆಣ್ಣೆತನ ನನಗಿಂತ ಮೊದಲು ಹೊನ್ನವ್ವನ ಆಡುಗಳಿಗೆ ಗೊತ್ತಾಗಿತ್ತು. ಹೊನ್ನವ್ವ ನಮ್ಮ ಹೊಲದ ಆಚೆ ಹಳ್ಳದ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಏಳು ಆಡು ಸಾಕಿಕೊಂಡಿರುವ ಹೆಂಗಸು. ನಾನು ಆಫೀಸಿನ ಮನುಷ್ಯ, ಆಫೀಸಿನ ರೀತಿಯಲ್ಲೇ ಕ್ರಮ ಕೈಗೊಂಡೆ. 'ಇದು ಖಾಸಗಿ ತೋಟ, ಜಾನುವಾರು ಪ್ರವೇಶ ನಿಷೇಧಿಸಿದೆ' ಎಂದು ಬೋರ್ಡು ಬರೆಸಿ ನೆಟ್ಟೆ. ಹೊನ್ನವ್ವ ಬೋರ್ಡನ್ನು ಮೇಲಿಂದ ಕೆಳಗೆ ನೋಡಿದಳು. "ಆಡಿಗೆ ಓದಾಕ ಬರ್ತೈತೇನ್ರಿ ಸಾಹೇಬ್ರ? ನನಗ ಬರೂದಿಲ್ಲ, ಅವಕ್ಕ ಎಲ್ಲಿಂದ ಬರಬೇಕು?" ಎಂದಳು. ಅವಳ ದೊಡ್ಡ ಆಡು ಆ ಬೋರ್ಡಿನ ಕಂಬಕ್ಕೆ ಬೆನ್ನು ತಿಕ್ಕಿಕೊಳ್ಳುತ್ತಾ ನಿಂತಿತ್ತು.

ಆಮೇಲೆ ಜಾಲಿ ಮುಳ್ಳಿನ ಬೇಲಿ ಹಾಕಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ತಮಗೆ ಗೊತ್ತಲ್ಲ, ನನ್ನ ಹೊಲದಲ್ಲಿ ಆದದ್ದು ಅದಕ್ಕಿಂತ ಅನ್ಯಾಯ. ಆಡುಗಳು ಮೊದಲು ಬೇಲಿ ಮೇಯ್ದು, ಆಮೇಲೆ ಹೊಲ ಮೇಯ್ದವು. ಜಾಲಿಯ ಎಲೆ ಮತ್ತು ಕಾಯಿ ಎಂದರೆ ಆಡಿಗೆ ಜೀವ ಎಂದು ನನಗಾರು ಹೇಳಬೇಕು? ಉಳಿದ ಒಣ ಮುಳ್ಳನ್ನು ಯಾರೋ ಪುಣ್ಯಾತ್ಮರು ನೀರು ಕಾಯಿಸುವ ಒಲೆಗೆ ಒಯ್ದರು. ಮುಂದೆ ಸಗಣಿ ರಾಡಿ ಕಲಸಿ ಎಲೆಗಳಿಗೆ ಎರಚಿದೆ. ಇದು ಹಳೆಯ ಉಪಾಯ, ಕೆಲಸವನ್ನೂ ಮಾಡುತ್ತದೆ, ಮಳೆ ಬರುವ ತನಕ. ಮಳೆ ಆ ಸಂಜೆಯೇ ಬಂತು. ಸಸಿಯ ಸಗಣಿ ತೊಳೆದುಹೋಯಿತು, ನನ್ನ ಕೈಯದು ಹೋಗಲಿಲ್ಲ. ಸೋಮವಾರ ಹಾವೇರಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮೋಟೆಬೆನ್ನೂರು ದಾಟಿದರೂ ಖಾಲಿ ಇತ್ತು. ಕಲ್ಲುಕಂಬದ ತಂತಿ ಬೇಲಿಯನ್ನೂ ವಿಚಾರಿಸಿದೆ. ಅಂಗಡಿಯವರು ಒಳ್ಳೆಯವರು, ಚಹಾ ಕೊಟ್ಟರು. ರೇಟು ಕೇಳಿ ಚಹಾ ಕುಡಿದು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ.

ಸಿಟ್ಟೆಲ್ಲ ಹೊನ್ನವ್ವನ ಮೇಲೆ ಹೋಯಿತು. ಆಫೀಸಿನಲ್ಲಿ ಮೇಲಿನವರಿಗೆ ಅನ್ನಲಾಗದ್ದನ್ನೆಲ್ಲ ಮೂವತ್ತು ವರ್ಷ ಒಳಗಿಟ್ಟುಕೊಂಡವನು ನಾನು. ಒಂದು ರವಿವಾರ ಎಲ್ಲವನ್ನೂ ಅವಳ ಮೇಲೆ ಸುರಿದೆ. ನಿನ್ನ ಆಡು ಹಿಡಿದು ಕೊಂಡವಾಡಕ್ಕ ಹಾಕಸ್ತೀನಿ, ಕೇಸು ಹಾಕ್ತೀನಿ, ನಾ ಯಾರ ಅಂತ ಗೊತ್ತಿಲ್ಲ ನಿನಗ ಎಂದೆಲ್ಲ ಕೂಗಿದೆ. ನಾನು ಯಾರು ಎಂದು ನನಗೇ ಸರಿಯಾಗಿ ಗೊತ್ತಿಲ್ಲದಿರುವುದರಿಂದ ಅಲ್ಲಿಗೆ ಮಾತು ನಿಂತಿತು. ಹೊನ್ನವ್ವ ಎಲೆಯಡಿಕೆ ಉಗುಳಿ, "ಸಾಹೇಬ್ರ, ಬೈದು ಬೈದು ನಿಮ್ಮ ಗಂಟಲ ಹರದೀತು. ಮನ್ಯಾಗ ಹಳೇ ಸೀರಿ ಅದಾವಿಲ್ಲ? ಸುತ್ತ ಗೂಟ ಬಡದು ಕಟ್ರಿ. ಆಡು ಕಣ್ಣಿಗೆ ಕಂಡದ್ದಕ್ಕ ಆಶಿ ಮಾಡ್ತೈತಿ. ಕಾಣದ್ದಕ್ಕ ಆಶಿ ಮಾಡಾಕ ಅದೇನು ಮನಶ್ಯಾ ಅಲ್ಲ" ಎಂದಳು. ನೋಡಿದರೆ ಹೌದು! ಮೇಡ್ಲೇರಿ ರಸ್ತೆಯ ಎಷ್ಟೋ ಹೊಲಗಳಿಗೆ ಹಂದಿ, ಚಿಗರಿ ಬರದಿರಲೆಂದು ಸೀರೆ ಸುತ್ತಿದ್ದರು. ದಿನಾ ಕಾಣುವುದನ್ನೇ ನಾನು ಕಂಡಿರಲಿಲ್ಲ. ಆಡಿನ ಯಜಮಾನಿಯೇ ಆಡಿನ ವಿರುದ್ಧ ಉಪಾಯ ಹೇಳಿಕೊಟ್ಟಳಲ್ಲ ಎಂದು ಆಗ ನನಗೆ ಅನಿಸಬೇಕಿತ್ತು. ಅನಿಸಲಿಲ್ಲ. ಕೊಂಡವಾಡ ಎಂದದ್ದಕ್ಕೆ ಹೆದರಿದಳು ಎಂದುಕೊಂಡು ಮೀಸೆ ತಿರುವಿದೆ.

ಇಲ್ಲಿ ಆಯೇರಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮ ಕಡೆ ಮದುವೆ, ಕುಬಸ, ಜವಳ, ತೊಟ್ಟಿಲು, ಮನೆ ಓಪನಿಂಗ್, ಏನೇ ಆಗಲಿ, ಬಂದವರು ಮನೆಯವರಿಗೆ, ಮನೆಯವರು ಬಂದವರಿಗೆ ಬಟ್ಟೆಯ ಉಡುಗೊರೆ ಮಾಡಬೇಕು. ಅದೇ ಆಯೇರಿ. ಗಂಡಸರಿಗೆ ಟವೆಲ್ ಇಲ್ಲವೇ ಶರ್ಟ್ ಪೀಸು, ಹೆಂಗಸರಿಗೆ ಸೀರೆ. ಈ ಸೀರೆಯನ್ನು ಉಡುವುದು ಕಡಿಮೆ. ಅದು ಟ್ರಂಕಿಗೆ ಹೋಗುತ್ತದೆ, ಮುಂದೆ ಯಾರದೋ ಮನೆಯ ಕಾರ್ಯ ಬಂದಾಗ ಹೊರಗೆ ಬರುತ್ತದೆ, ಅವರ ಟ್ರಂಕು ಸೇರುತ್ತದೆ. ಹಾವೇರಿಯಲ್ಲಿ ಹೊರಟ ಸೀರೆ ಬ್ಯಾಡಗಿ, ಹಲಗೇರಿ ಎಲ್ಲ ಕಂಡು, ಒಮ್ಮೆಯೂ ಮಡಿಕೆ ಬಿಚ್ಚದೆ ಮತ್ತೆ ಹಾವೇರಿಗೆ ಬಂದದ್ದೂ ಉಂಟು. ಈ ವ್ಯವಹಾರಕ್ಕೆ ಇರುವ ಕಟ್ಟುನಿಟ್ಟಿನ ನಿಯಮ ಒಂದೇ, ಕೊಟ್ಟವರಿಗೆ ಅದೇ ಸೀರೆ ವಾಪಸ್ ಹೋಗಕೂಡದು. ಅದಕ್ಕೆ ನೆನಪು ಬೇಕು. ಗಿರಿಜಾಳಿಗೆ ಆ ನೆನಪಿದೆ. ನನ್ನ ಹುಟ್ಟಿದ ದಿನ ಮರೆತಾಳು, ಹದಿನೆಂಟು ವರ್ಷದ ಹಿಂದೆ ಯಾವ ಸೀರೆ ಯಾರ ಕೈಯಿಂದ ಬಂತೆಂಬುದನ್ನು ಮರೆಯುವವಳಲ್ಲ.

ಆ ಹೊತ್ತಿಗೆ ಗಿರಿಜಾ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಕಾಗಿನೆಲೆಗೆ ಹೋಗಿದ್ದಳು. ಫೋನು ಮಾಡಿ ಕೇಳಿದೆ. "ಅಟ್ಟದ ಮ್ಯಾಲೆ ಚೀಲದಾಗ ಹಳೇ ಸೀರಿ ಅದಾವ, ಅವನ್ನ ಒಯ್ರಿ. ಮಂಚದ ಕೆಳಗಿನ ಟ್ರಂಕ್ ಮಾತ್ರ ಮುಟ್ಟಬ್ಯಾಡ್ರಿ" ಎಂದಳು. ಸ್ಪಷ್ಟವಾಗಿ ಹೇಳಿದಳು, ನಾನು ಸ್ಪಷ್ಟವಾಗಿಯೇ ಕೇಳಿಸಿಕೊಂಡೆ. ಅಟ್ಟ ಹತ್ತಲು ಏಣಿ ಬೇಕು, ಏಣಿ ಪಕ್ಕದ ಮನೆಯಲ್ಲಿತ್ತು, ನನ್ನ ಮೊಣಕಾಲು ನನ್ನಲ್ಲೇ ಇತ್ತು. ಮಂಚ ಮಾತ್ರ ಎದುರಿಗೇ. ಸುಮ್ಮನೆ ನೋಡೋಣವೆಂದು ಟ್ರಂಕು ಎಳೆದೆ. ಎಂಥ ಸೀರೆಗಳು! ಗಟ್ಟಿ, ಹೊಸವು, ಗಿಳಿಹಸಿರು, ಅರಿಶಿನ, ನೇರಳೆ. ಹೇಗೂ ಯಾರೂ ಉಡುವುದಿಲ್ಲ. ಬಿಸಿಲು ಕಾಣದೆ ಕೊಳೆಯುವುದಕ್ಕಿಂತ ನಾಲ್ಕು ಸಸಿ ಕಾಯಲಿ ಎಂದು ಮನಸ್ಸು ವಾದ ಮಾಡಿತು. ನನ್ನ ಮನಸ್ಸು ಸೋಮಾರಿತನಕ್ಕೆ ವಕೀಲಿಕೆ ಮಾಡುವುದರಲ್ಲಿ ಬಹಳ ಜಾಣ. ಸಂಜೆ ಗಿರಿಜಾ ಫೋನಿನಲ್ಲಿ, "ಅಟ್ಟದ್ದ ಒಯ್ದ್ರಿಲ್ಲ?" ಎಂದು ಕೇಳಿದಳು. "ಹ್ಞೂಂ, ಅಟ್ಟದ್ದ" ಎಂದೆ.

ಎರಡು ರವಿವಾರ ಹಿಡಿದು ಗೂಟ ಬಡಿದು, ಸೀರೆಗಳನ್ನು ತುದಿಗೆ ತುದಿ ಗಂಟು ಹಾಕಿ ನಾನೇ ಸುತ್ತಿದೆ. ಟ್ರಂಕಿನ ಎಲ್ಲಕ್ಕಿಂತ ಮೇಲೆ ಒಂದು ಕೆಂಪು ಸೀರೆ ಇತ್ತು, ಹಣ್ಣು ಮೆಣಸಿನಕಾಯಿಯ ಕೆಂಪು, ಪ್ರತ್ಯೇಕವಾಗಿ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಎದ್ದು ಕಾಣುತ್ತದೆಂದು ಅದನ್ನು ರಸ್ತೆಯ ಮೂಲೆಗೆ ಕಟ್ಟಿದೆ. ಬಿಳಿ ಬಟ್ಟೆಯಲ್ಲಿ ಏಕೆ ಸುತ್ತಿಟ್ಟಿದ್ದಾಳೆ ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ಆ ಬಿಳಿ ಬಟ್ಟೆಯಿಂದ ಸ್ಕೂಟರ್ ಒರೆಸಿದೆ. ಬೇಲಿಯೋ, ಅದ್ಭುತ! ಗಾಳಿಗೆ ಪಟಪಟ ಎನ್ನುತ್ತಿತ್ತು. ಆಡುಗಳು ಬಂದು ನಿಂತು, ನೋಡಿ, ತಲೆ ಕೊಡವಿ ಹೋಗುತ್ತಿದ್ದವು. ತಿಂಗಳೊಳಗೆ ಬೋಳು ಕಡ್ಡಿಗಳೂ ಚಿಗುರಿದವು. ಆಫೀಸಿನಲ್ಲಿ ನಾನು ಬೇಲಿಯ ಮೇಲೆ ಭಾಷಣ ಮಾಡುವಷ್ಟು ಬೆಳೆದೆ. ಉಪಾಯ ಯಾರದೆಂದು ಕೇಳಿದವರಿಗೆ, "ಸ್ವಲ್ಪ ತಲೆ ಓಡಿಸಿದೆ" ಎಂದೆ.

ಅಹಂಕಾರ ಒಬ್ಬನೇ ಕುಳಿತು ಉಣ್ಣುವುದಿಲ್ಲ, ಅದಕ್ಕೆ ಪಂಕ್ತಿ ಬೇಕು. ಸೀಗೆ ಹುಣ್ಣಿಮೆ ಹತ್ತಿರ ಬಂತು. ನಮ್ಮ ಕಡೆ ಆ ದಿನ ಮನೆಯಲ್ಲಿ ಉಣ್ಣುವವರು ಯಾರೂ ಇಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜಿಸಿ, ಬೆಳೆಗೆಲ್ಲ ಎಡೆಯ ಅನ್ನದ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕುಳಿತು ಊಟ. ನಾನು ಫೋನು ಹಿಡಿದು ಹಾವೇರಿ, ಬ್ಯಾಡಗಿ, ಹಲಗೇರಿಯ ಬಂಧುಗಳನ್ನೆಲ್ಲ ಕರೆದೆ. ಈ ಸಲ ನಮ್ಮ ತೋಟಕ್ಕೇ ಬರಬೇಕು, ಸಸಿ ನೋಡಬೇಕು, ಬೇಲಿ ನೋಡಬೇಕು ಎಂದು ಒತ್ತಾಯ ಮಾಡಿದೆ. ಹೌದು, ಬೇಲಿ ನೋಡಬೇಕು ಎಂದು ನಾನೇ ಬಾಯಿಬಿಟ್ಟು ಕರೆದೆ. ಆ ಸೀರೆಗಳನ್ನು ಕೊಟ್ಟವರು ಇವರೇ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಗಿರಿಜಾ ಹಿಂದಿನ ದಿನವಷ್ಟೇ ಕಾಗಿನೆಲೆಯಿಂದ ಬಂದು, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಬದನೆಕಾಯಿ ಎಣ್ಣೆಗಾಯಿ ಎಂದು ಒಲೆ ಬಿಟ್ಟು ಏಳಲಿಲ್ಲ. ಟ್ರಂಕು ನೋಡಲು ಅವಳಿಗೆ ಪುರುಸೊತ್ತಾಗಲಿಲ್ಲ.

ಹುಣ್ಣಿಮೆಯ ದಿನ ನಾವೆಲ್ಲ ಹತ್ತಿದ್ದ ಟಂಟಂ ಆಟೊ ಹೊಲದ ಮೂಲೆ ತಿರುಗಿತು. ಗಿರಿಜಾ ಬುಟ್ಟಿ ಹಿಡಿದು ಕೆಳಗಿಳಿದವಳು ಬೇಲಿ ನೋಡಿ ಅಲ್ಲೇ ನಿಂತಳು. ನನ್ನನ್ನು ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹಾವೇರಿಯ ಚಿಗವ್ವ ಇಳಿದಾಗಿತ್ತು. "ಅಯ್ಯ ಶಿವನ! ಇದು ನಿಮ್ಮ ಮನಿ ಓಪನಿಂಗಿಗೆ ನಾ ಮಾಡಿದ್ದ ಸೀರಿ ಅಲ್ಲೇನ ಗಿರಿಜಾ? ಬೇಲಿಗೆ ಕಟ್ಟೀದೇನ?" ಎಂದು ಚಿಗವ್ವ ಹಸಿರು ಸೀರೆಯ ನವಿಲಂಚು ಹಿಡಿದು ಎಳೆದಳು. ನನ್ನ ಕಾಲ ಕೆಳಗಿನ ಮಣ್ಣು ಸರಿಯಿತು. ಆದರೆ ದೇವರು ದೊಡ್ಡವನು. ದೊಡ್ಡಪ್ಪನ ಸೊಸೆ ನೀಲಾ ಮುಂದೆ ಬಂದು, "ತಡೀರಿ ಅತ್ತಿ. ಈ ನವಿಲಂಚಿನ ಸೀರಿ ನಿಮ್ಮ ಮಗಳ ಕುಬಸದಾಗ ನಾ ನಿಮಗ ಕೊಟ್ಟಿದ್ದಲ್ರಿ? ದಾವಣಗೆರ್ಯಾಗ ನಾನ ಆರಿಸಿ ತಂದಿದ್ದೆ" ಎಂದಳು.

"ಅದು ಬ್ಯಾರೆ, ಇದು ಬ್ಯಾರೆ" ಎಂದಳು ಚಿಗವ್ವ.

"ಸೆರಗಿನ ಮ್ಯಾಲೆ ಚಾ ಚೆಲ್ಲಿದ ಕಲಿ ಐತಲ್ರಿ, ಅದೂ ಬ್ಯಾರೆನ?"

"ಆ ಕಲಿ ನೀ ಕೊಡೂ ಮುಂದನ ಇತ್ತು!"

ಅಷ್ಟಂದ ಮೇಲೆ ಚಿಗವ್ವನಿಗೆ ತಾನು ಏನಂದೆ ಎಂದು ಗೊತ್ತಾಯಿತು. ಹೆಂಗಸರೆಲ್ಲ ಬೇಲಿಯ ಗುಂಟ ನಡೆಯತೊಡಗಿದರು. ಒಂದೊಂದು ಸೀರೆಯ ಹತ್ತಿರ ನಿಂತು ಅದರ ವಂಶಾವಳಿ ತೆಗೆಯುತ್ತಿದ್ದರು. ಯಾರು ಯಾರಿಗೆ ಕೊಟ್ಟದ್ದು, ಅದನ್ನು ಅವರು ಇನ್ನಾರಿಗೆ ದಾಟಿಸಿದ್ದು, ಎಲ್ಲ ಹಗಲು ಬೆಳಕಿನಲ್ಲಿ ಹೊರಬಿತ್ತು. ಹಾಳಾಗಲಿ, ಎಲ್ಲರ ಗುಟ್ಟೂ ಬಯಲಾದರೆ ನನ್ನೊಬ್ಬನದು ಎದ್ದು ಕಾಣುವುದಿಲ್ಲ ಎಂದು ನನಗೆ ಒಳಗೊಳಗೇ ನೆಮ್ಮದಿಯಾಯಿತು. ನಗುವನ್ನೂ ನಕ್ಕೆ.

ಆಗ ಅಕ್ಕ ಕಂಡಳು. ಶಾರದಕ್ಕ, ಬ್ಯಾಡಗಿಯಿಂದ ಬಂದವಳು. ಅವಳು ಯಾರ ಜೊತೆಗೂ ಇರಲಿಲ್ಲ, ರಸ್ತೆಯ ಮೂಲೆಯಲ್ಲಿ ಕೆಂಪು ಸೀರೆಯ ಮುಂದೆ ಒಬ್ಬಳೇ ನಿಂತಿದ್ದಳು. ಅವ್ವ ತೀರಿಕೊಂಡಾಗ ನಾನು ಎರಡನೇ ಇಯತ್ತೆ, ಅಕ್ಕ ಐದನೇ ಇಯತ್ತೆ. ಅವಳು ಸಾಲೆ ಬಿಟ್ಟು ರೊಟ್ಟಿ ಬಡಿದಳು, ನಾನು ಸಾಲೆ ಕಲಿತೆ. ಈಗ ಅವಳಿಗೆ ಮಗ, ಸೊಸೆ ಇದ್ದಾರೆ. ಬೇಡವೆಂದರೂ ಕೇಳದೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಕೈ ಉರಿಯುತ್ತದೆಂದು ರಾತ್ರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ. ಆ ಕೈಯಿಂದ ದುಡಿದು ನಮ್ಮ ಮನೆ ಓಪನಿಂಗಿಗೆ ಗಿರಿಜಾಳಿಗೆ ತಂದ ಸೀರೆ ಅದು. ಅಂಗಡಿಯಲ್ಲಿ ಆಯೇರಿ ಸೀರೆ ತೋರಿಸಿದರೆ ಬೇಡವೆಂದು, ಉಡುವಂಥದ್ದು ಕೊಡಿ ಎಂದು ಜಗಳವಾಡಿ ತಂದಿದ್ದಳಂತೆ. ಇದೆಲ್ಲ ನನಗೆ ಗೊತ್ತಿತ್ತು. ಸೀರೆ ಯಾವುದೆಂದು ಮಾತ್ರ ನೋಡಿರಲಿಲ್ಲ.

ಅಕ್ಕ ಸೀರೆಯ ಅಂಚು ಹಿಡಿದು ತಿರುವಿದಳು. ಜಂಪರ್ ಪೀಸು ಇನ್ನೂ ಕತ್ತರಿಸದೆ ಹಾಗೇ ಇತ್ತು. "ಒಮ್ಮೆನೂ ಉಟ್ಟಿಲ್ಲಲ್ಲ" ಎಂದಳು, ಯಾರಿಗೆಂದಲ್ಲ. ಗಂಟು ಬಿಚ್ಚಲು ನೋಡಿದಳು, ಬರಲಿಲ್ಲ. ಆ ಗಂಟನ್ನೇ ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತಿಗೆ ಎಲ್ಲರೂ ಅಲ್ಲಿಗೆ ಬಂದಿದ್ದರು. "ಇದನ್ನ ಯಾರ ಕಟ್ಟಿದ್ರೋ ಮಲ್ಲೂ?" ಎಂದು ನನ್ನನ್ನು ಕೇಳಿದಳು.

ಒಂದೇ ಮಾತು ಸಾಕಿತ್ತು, ನಾನು ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಯಿಂದ ಬಂದದ್ದು ಬೇರೆ. "ನನಗೇನ ಗೊತ್ತಕ್ಕಾ? ಗಿರಿಜಾ ತಗದು ಕೊಟ್ಲು, ಹೊನ್ನವ್ವ ಕಟ್ಟಿದ್ಲು."

ಹೊನ್ನವ್ವ ಅಲ್ಲೇ ಇದ್ದಳು. ಹುಣ್ಣಿಮೆಯ ಊಟಕ್ಕೆ ಗಿರಿಜಾ ಕೂಗಿ ಕರೆದು ಕೈಗೆ ಹೋಳಿಗೆ ಕೊಟ್ಟಿದ್ದಳು. ಅವಳು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಗಿರಿಜಾ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಈಗ ನನ್ನ ಕಥೆ ಮುಗಿಯಿತು ಎಂದು ನಾನು ನೆಲ ನೋಡಿದೆ. "ಹೌದ್ರಿ ಅಕ್ಕಾರ. ನೋಡಲಾರದ ಕೊಟ್ಟೆ. ತಪ್ಪಾತ್ರಿ" ಎಂದಳು. ಚಿಗವ್ವ ಪಕ್ಕದಲ್ಲಿ ಲೊಚಗುಟ್ಟಿ, "ಗಿರಿಜಾ ಇಂಥಾಕಿ ಅಂತ ಗೊತ್ತಿರಲಿಲ್ಲವ್ವಾ" ಎಂದಳು. ಆಮೇಲೆ ಎಲ್ಲರೂ ಕುಳಿತು ಉಂಡೆವು. ಚರಗ ಚೆಲ್ಲುವಾಗ 'ಹುಲಿಗ್ಯೋ' ಎಂದು ಕೂಗುವುದು ಯಜಮಾನನ ಕೆಲಸ. ನಾನು ಕೂಗಿದ್ದು ಮೊದಲ ಸಾಲಿನ ಸಸಿಗೂ ಕೇಳಿಸಿರಲಿಕ್ಕಿಲ್ಲ.

ಹೋಗುವಾಗ ಚಿಗವ್ವ ನವಿಲಂಚಿನ ಸೀರೆ ಬಿಚ್ಚಿಕೊಂಡು ಹೋದಳು. ನೀಲಾ ಬಿಡುತ್ತಾಳೆಯೇ, ಅವಳೂ ಎರಡು ಬಿಚ್ಚಿಕೊಂಡಳು. ಕೆಂಪು ಸೀರೆಯ ಗಂಟನ್ನು ಗಿರಿಜಾ ಹಲ್ಲಿನಿಂದ ಬಿಚ್ಚಿ, ಮಡಚಿ, ಬುಟ್ಟಿಯಲ್ಲಿಟ್ಟುಕೊಂಡಳು. ಒಂದು ಮಗ್ಗಲು ಬಿಸಿಲಿಗೆ ಬೆಳ್ಳಗಾಗಿತ್ತು. ದಾರಿಯಲ್ಲಾಗಲೀ ಮನೆಯಲ್ಲಾಗಲೀ ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಬೈಗಳಿಗೆ ಉತ್ತರ ಕೊಡುವುದು ನನಗೆ ಬರುತ್ತದೆ.

ಮುಂದಿನ ರವಿವಾರ, ನಾಲ್ಕು ಕಡೆ ಬಾಯಿ ತೆರೆದ ಬೇಲಿಯಲ್ಲಿ ಏನೂ ಉಳಿದಿರಲಿಕ್ಕಿಲ್ಲ ಎಂದುಕೊಂಡೇ ಹೊಲಕ್ಕೆ ಹೋದೆ. ಒಂದು ಎಲೆಯೂ ಹೋಗಿರಲಿಲ್ಲ. ಸೀರೆ ಬಿಚ್ಚಿದ ಕಡೆಗಳಲ್ಲೆಲ್ಲ ಹರಿದ, ತೇಪೆ ಹಾಕಿದ, ಬಣ್ಣ ಹೋದ ಬೇರೆ ಸೀರೆಗಳಿದ್ದವು. ಹೊನ್ನವ್ವನ ಮೈಮೇಲೆ ನಾನು ನೋಡಿದ ಸೀರೆಗಳೇ ಅವು. ಏಕೆ ಕಟ್ಟಿದೆ ಎಂದು ಕೇಳಿದೆ. "ನಾ ಕಟ್ಟೇನಿ ಅಂತ ನೀವ ಹೇಳಿದ್ರಲ್ರಿ, ಅದಕ್ಕ ಕಟ್ಟಿದೆ. ಮತ್ತ ಸಸಿ ಹ್ವಾದ್ರ ಬೈಗಳ ನನಗ ಬರ್ತಾವಲ್ಲ" ಎಂದಳು. ವ್ಯಂಗ್ಯ ಮಾಡಿದಳೋ, ನಿಜವಾಗಿ ಹೇಳಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದು, "ಮಳಿ ಬರೂಹಂಗ ಐತಿ" ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಮರೆಯುವುದರಲ್ಲಿ ನಾನು ಗಟ್ಟಿಗ. ಆದರೆ ದೀಪಾವಳಿಯ ನಂತರ ಹಾವೇರಿಯಲ್ಲಿ ಒಂದು ಮದುವೆ. ಆಯೇರಿ ಮಾಡುವಾಗ ಎಲ್ಲ ಹೆಂಗಸರಿಗೂ ಸೀರೆ ಕೊಟ್ಟರು, ಗಿರಿಜಾಳ ಕೈಗೆ ಮಾತ್ರ ಒಂದು ಸ್ಟೀಲ್ ಡಬ್ಬಿ ಬಂತು. "ಇದನ್ನ ಬೇಲಿಗೆ ಕಟ್ಟಾಕ ಬರೂದಿಲ್ಲ ನೋಡವಾ" ಎಂದು ಯಾರೋ ಅಂದರು. ಮಂಟಪದ ತುಂಬ ನಗು. ಗಿರಿಜಾಳೂ ನಕ್ಕಳು. ಮೂವತ್ತು ವರ್ಷ ಯಾರ ಆಯೇರಿಯನ್ನೂ ತಪ್ಪಿಯೂ ತಪ್ಪು ಮನೆಗೆ ಕಳಿಸದವಳು, ಬಂಧುಗಳಲ್ಲಿ ಅವಳಿಗಿದ್ದ ಹೆಸರೇ ಅದು. ಆ ಡಬ್ಬಿಯನ್ನು ಎದೆಗವಚಿಕೊಂಡು ನಗುತ್ತಾ ನಿಂತಿದ್ದಳು. ನಾನು ಎಲೆಯ ಮೇಲಿನ ಬುಂದಿ ಕಾಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕುಳಿತಿದ್ದೆ. ಆಗಲೂ ಏಳಬಹುದಿತ್ತು. ಏಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ತಡೆಯಲಾಗದೆ, ಹೊಲಕ್ಕೆ ಹೋಗಿ ಬರುತ್ತೇನೆಂದು ಗಿರಿಜಾಳಿಗೆ ಹೇಳಿ ಬ್ಯಾಡಗಿ ಬಸ್ಸು ಹತ್ತಿದೆ. ಅಕ್ಕ ಕೆಲಸದಲ್ಲಿದ್ದಳು. ದೊಡ್ಡ ಶೆಡ್ಡಿನಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಒಳಗೆ ಕಾಲಿಡುತ್ತಲೇ ನನಗೆ ಕಣ್ಣೀರು ಬಂತು. ಘಾಟಿನಿಂದ ಬಂದದ್ದೇ, ಆದರೆ ಸಮಯಕ್ಕೆ ಸರಿಯಾಗಿ ಬಂತು. ಅಕ್ಕನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಹೇಳಿದೆ. ಗಿರಿಜಾ ಕೊಟ್ಟಿಲ್ಲ, ಹೊನ್ನವ್ವ ಕಟ್ಟಿಲ್ಲ, ಎಲ್ಲ ನಾನೇ ಎಂದೆ.

ಅಕ್ಕ ಕೈ ನಿಲ್ಲಿಸಲಿಲ್ಲ. "ನನಗ ಆವತ್ತ ಗೊತ್ತಿತ್ತೋ. ನಿನ್ನ ಚಡ್ಡಿ ಲಾಡಿ ಬಿಚ್ಚಿ ಬಿಚ್ಚಿ ನನ್ನ ಉಗರ ಹೋಗ್ಯಾವ. ಅಂಥಾ ಕಗ್ಗಂಟು ಹಾಕಾವ ಈ ಜಿಲ್ಲಾದಾಗ ನೀ ಒಬ್ಬನ."

"ಮತ್ತ ಯಾಕ ಸುಮ್ಮನಿದ್ದಿ ಅಕ್ಕಾ?"

"ಅಷ್ಟ ಮಂದಿ ಮುಂದ ನನ್ನ ತಮ್ಮ ಸುಳ್ಳ ಹೇಳ್ತಾನ ಅಂತ ಹ್ಯಾಂಗ ಹೇಳ್ಲಿ?" ಎಂದಳು. ಬಿಡಿಸಿದ ತೊಟ್ಟನ್ನು ಆಚೆ ಎಸೆದು, "ಗಿರಿಜಾ ಬಂದಿದ್ಲು, ದೀಪಾವಳಿ ಮುಂದ. ಅದ ಸೀರಿ ಉಟಗೊಂಡು ಬಂದಿದ್ಲು. ಒಂದ ಮಗ್ಗಲ ಬಣ್ಣ ಹೋಗೇತಿ, ಬಸ್ಸಿನ್ಯಾಗ ಮಂದಿ ನೋಡಿರಬೇಕು. ತಮ್ಮನ ಕೂಸಿನ ಜವಳಕ್ಕ ಉಡಬೇಕಂತ ಇಟ್ಟಿದ್ಲಂತ. ನನ್ನ ಕೈಯಿಂದ ತಪ್ಪಾತ್ರಿ ಅಂದ್ಲು. ನಿನ್ನ ಹೆಸರ ಎತ್ತಲಿಲ್ಲ" ಎಂದಳು.

ನಾನು ಒಂದು ಮೆಣಸಿನಕಾಯಿ ಕೈಗೆತ್ತಿಕೊಂಡು ತೊಟ್ಟು ಬಿಡಿಸತೊಡಗಿದೆ. ಏನಾದರೂ ಮಾಡಬೇಕಿತ್ತು.

"ಆಕಿ ಮುಂದ ಹೇಳೀ?" ಎಂದು ಅಕ್ಕ ಕೇಳಿದಳು. ನಾನು ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡೆ. ಅವಳು ಮೊಮ್ಮಗಳು ಕಲಿಸಿಕೊಟ್ಟಂತೆ ಮೊಬೈಲಿನ ಒಂದು ಗುಂಡಿ ಒತ್ತಿ ನನ್ನ ಕಿವಿಗೆ ಹಿಡಿದಳು. ಆಚೆಯಿಂದ ಗಿರಿಜಾ "ಹಲೋ ಅಕ್ಕಾರ" ಎಂದಳು. "ನಾನು" ಎಂದೆ. "ಎಲ್ಲಿದೀರಿ?" ಎಂದಳು. ಈಗ ತಾವು ನಂಬುತ್ತೀರೋ ಇಲ್ಲವೋ, ಅಕ್ಕನ ಮೊಬೈಲಿನಿಂದ ಮಾತಾಡುತ್ತಾ ನಾನು, "ಹೊಲದಾಗ ಅದೇನಿ" ಎಂದೆ. ಹಾಗೆನ್ನುತ್ತಲೇ ಸೀನು ಬಂತು. ಒಂದಲ್ಲ, ಐದಾರು. "ಹೊಲದಾಗ ಮೆಣಸಿನಕಾಯಿ ಯಾವಾಗ ಹಾಕಿದ್ರಿ?" ಎಂದಳು ಗಿರಿಜಾ. ಸುತ್ತಲಿನ ಹೆಂಗಸರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಆಗ ಹೇಳಿದೆ. ಸೀನುತ್ತಾ, ಮೂಗು ಒರೆಸಿಕೊಳ್ಳುತ್ತಾ, ತಪ್ಪಾಯಿತು, ಮಂದಿಯ ಮುಂದೆ ನಿನ್ನ ಮೇಲೆ ಸುಳ್ಳು ಹೇಳಿದೆ ಎಂದು ಹೇಳಿದೆ. ಗಿರಿಜಾ, "ನನಗ್ಯಾಕ ಹೇಳ್ತೀರಿ? ನನಗ ಗೊತ್ತಿಲ್ಲೇನು? ಗೊತ್ತಿಲ್ಲದಾವ್ರಿಗೆ ಹೇಳ್ರಿ" ಎಂದು ಫೋನಿಟ್ಟಳು.

ಗೊತ್ತಿಲ್ಲದವರೆಂದರೆ ಚಿಗವ್ವ, ನೀಲಾ, ಡಬ್ಬಿ ಕೊಟ್ಟವರು, ನಕ್ಕವರು. ಅವರ ಮನೆಬಾಗಿಲಿಗೆ ಹೋಗಿ ಹೇಳುವ ಎದೆಗಾರಿಕೆ ನನಗಿಲ್ಲ. ಆರೇಳು ತಿಂಗಳು ಅದನ್ನೇ ಯೋಚಿಸಿ, ಕೊನೆಗೆ ನನಗೆ ಬರುವ ರೀತಿಯಲ್ಲಿ ಕ್ರಮ ಕೈಗೊಂಡೆ. ಎಲ್ಲವನ್ನೂ ಬರೆದುಬಿಟ್ಟೆ, ಇದೇ ಈಗ ತಾವು ಓದುತ್ತಿರುವುದು. ಬರೆದದ್ದನ್ನು ಗಿರಿಜಾಳಿಗೆ ಕೊಟ್ಟೆ. ಅವಳು ಚಾಳೀಸು ಹಾಕಿಕೊಂಡು, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಮೊದಲಿಂದ ಕೊನೆಯ ತನಕ ಓದಿದಳು. ಬಿಳಿ ಬಟ್ಟೆಯಿಂದ ಸ್ಕೂಟರ್ ಒರೆಸಿದ ಕಡೆ ಒಮ್ಮೆ ನನ್ನ ಮುಖ ನೋಡಿದಳು. "ಚೊಲೊ ಬರದೀರಿ. ಆದ್ರ ಚಿಗವ್ವಾರು, ನೀಲಾ, ಅವ್ರ್ಯಾರೂ ಇಂಥಾವೆಲ್ಲ ಓದೂದಿಲ್ಲ. ಈ ಸಲ ಸೀಗಿ ಹುಣ್ಣಿವಿಗೆ ಎಲ್ಲಾರನೂ ನಾನ ಹೊಲಕ್ಕ ಕರದೇನಿ. ಹೊನ್ನವ್ವಗೂ ಹೇಳೇನಿ. ಎಲ್ಲಾರೂ ಊಟಕ್ಕ ಕುಂತಾಗ ನೀವ ನಿಂತು ಓದಿ ಹೇಳ್ರಿ" ಎಂದಳು.

ಹುಣ್ಣಿಮೆಗೆ ಇನ್ನು ಹನ್ನೊಂದು ದಿನ ಇದೆ. ದಿನಾ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೇನೆ. ಆಡು, ಸಗಣಿ, ಚಿಗವ್ವನ ಚಹಾದ ಕಲೆ, ಎಲ್ಲ ಸಲೀಸಾಗಿ ಬರುತ್ತದೆ, ಧ್ವನಿಯಲ್ಲಿ ಸ್ವಲ್ಪ ಅಭಿನಯವೂ ಬರುತ್ತದೆ. 'ಗಿರಿಜಾ ತಗದು ಕೊಟ್ಲು' ಎಂಬ ಸಾಲಿಗೆ ಬಂದಾಗ ಮಾತ್ರ ಕಣ್ಣು ತಾನಾಗಿ ಮುಂದಿನ ಸಾಲಿಗೆ ಜಿಗಿಯುತ್ತದೆ. ಆವತ್ತು ಹೊಲದಲ್ಲಿ ಅದನ್ನೇ ಎಷ್ಟು ಸರಾಗವಾಗಿ ಅಂದಿದ್ದೆ.